ಚಂಚಲ ಮಗು ಮತ್ತು ದುಡಿಯುವವರ ಮನೆ

(ಮುಂಬಯಿಯಲ್ಲಿ ನಮ್ಮ ಸಂಘದ ಮಾಸಿಕ ಕೂಟದಲ್ಲಿ ಹೋಟೆಲ್ ಕಾರ್ಮಿಕ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಈ ವೇದಿಕೆಗೆ ಬಂದಾಗಲೆಲ್ಲ ನಾವು ಪಗಾರ, ಬೋನಸ್ಸು, ರಜೆ ಇವುಗಳ ಮಾತನ್ನೇ ಆಡಿದ್ದೇವೆ. ಇಂದು ಮನೆಯ ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿದ್ದಾರೆ. ನಮಗೆ ಸಂಕೋಚವಾಯಿತು. ಮನೆಯೊಳಗಿನದನ್ನು ಸಭೆಯಲ್ಲಿ ತೆಗೆಯುವುದೇ ಎಂದು ಮನೆಯವಳನ್ನು ಕೇಳಿದೆವು. "ಹೇಳಿ, ಇನ್ನೊಂದು ಮನೆಯ ಮಗುವಿಗಾದರೂ ಪೆಟ್ಟು ತಪ್ಪೀತು" ಎಂದಳು. ಅದಕ್ಕೇ ಹೇಳುತ್ತೇವೆ.

ನಮ್ಮ ಹುಡುಗನಿಗೆ ಈಗ ಎಂಟು ವರ್ಷ. ನಡೆಯಲು ತಡಮಾಡಿದ. ಮೂರು ವರ್ಷವಾದರೂ ಎರಡು ಶಬ್ದ ಕೂಡಿಸಿ ಆಡಲಿಲ್ಲ. ಕಾಲು ಬಂದ ಮೇಲೆ ಕುಳಿತದ್ದೇ ಇಲ್ಲ. ಬಾಗಿಲು ತೆರೆದರೆ ರಸ್ತೆಗೆ ಓಡುವನು. ಬಟ್ಟಲಲ್ಲಿ ಅನ್ನ ಹಾಕಿದರೆ ಎರಡು ತುತ್ತು ತಿಂದು ಕಿಟಕಿ ಹತ್ತುವನು. ಅಂಗಿಯ ಗುಂಡಿ ಹಾಕಲು ಇಂದಿಗೂ ಬೆರಳು ಸರಿಯಾಗಿ ಒಗ್ಗಿಲ್ಲ. ಶಾಲೆಗೆ ಹಾಕಿದ ಮೊದಲ ತಿಂಗಳಲ್ಲೇ ಕರೆ ಬಂತು: "ನಿಮ್ಮ ಹುಡುಗ ಕೂರುವುದಿಲ್ಲ, ಬೇರೆಯವರನ್ನೂ ಕೂರಲು ಬಿಡುವುದಿಲ್ಲ."

ಔಷಧಿ ಹೇಳುವವರಿಗೆ ಬರವಿಲ್ಲ. ಊರಿನಿಂದ ಅಜ್ಜಿ, ದೃಷ್ಟಿಯಾಗಿದೆ, ಹರಕೆ ಹೊತ್ತುಕೊಳ್ಳಿ ಎಂದರು. ಚಾಳಿನವರು, ತಾಯಿ ಮುದ್ದು ಮಾಡಿ ಕೆಡಿಸಿದಳು ಎಂದರು. ಭಾವ, "ನಾಲ್ಕು ಬಿಗಿ ಮಾರಾಯಾ, ತನ್ನಿಂದ ತಾನೇ ಸರಿಯಾಗ್ತಾನೆ" ಎಂದರು. ಹರಕೆಗೆ ದುಡ್ಡು ಬೇಕು, ಊರಿಗೆ ಹೋಗಲು ರಜೆ ಬೇಕು. ಬಿಗಿಯಲು ಏನೂ ಬೇಡ. ನಾವು ಭಾವನ ಮಾತನ್ನೇ ಹಿಡಿದೆವು.

ಎರಡು ವರ್ಷದ ಹಿಂದೆ ಒಂದು ರಾತ್ರಿ ಹುಡುಗ ನೀರು ಕುಡಿಯಲು ಹೋಗಿ ಗಾಜಿನ ಲೋಟ ಬೀಳಿಸಿದ. ಊಟಕ್ಕೆ ಕುಳಿತಿದ್ದ ನಾವು ಎದ್ದೆವು, ಅಷ್ಟೇ. ಇನ್ನೂ ಬಾಯಿ ತೆರೆದಿರಲಿಲ್ಲ. ಹುಡುಗ ಅಳಲಿಲ್ಲ, ಓಡಲಿಲ್ಲ. ಎದುರಿಗೆ ಬಂದು ಅಂಗೈ ಚಾಚಿ ನಿಂತ. ಪೆಟ್ಟು ಬೀಳುವುದಂತೂ ಇದ್ದದ್ದೇ, ತಿಂದು ಮುಗಿಸಿಬಿಡೋಣ ಎನ್ನುವ ಹಾಗೆ.

ಬಂಧುಗಳೇ, ಹಾಗೆ ಚಾಚಿದ ಕೈಯನ್ನು ನಾವು ಮೊದಲೇ ಕಂಡಿದ್ದೆವು. ಏಳನೆಯ ಇಯತ್ತೆ ಮುಗಿಸಿ ಊರಿನಿಂದ ಬಂದು ಹೋಟೆಲಿನ ಮೋರಿಯಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದ ಕಾಲ. ನಮ್ಮ ಜೊತೆ ಒಬ್ಬ ಹುಡುಗನಿದ್ದ. ಮೂರು ಕೆಲಸ ಹೇಳಿದರೆ ಒಂದು ಮಾಡುವನು, ಎರಡು ಮರೆಯುವನು. ದಿನಕ್ಕೊಂದು ಗ್ಲಾಸು ಅವನ ಕೈಯಿಂದ ಬೀಳಲೇಬೇಕು. ಬಿದ್ದ ಕೂಡಲೇ ಗಲ್ಲಾದವರ ಮುಂದೆ ಹೋಗಿ ಅವನೇ ಕೈ ಚಾಚುತ್ತಿದ್ದ. ಪೆಟ್ಟೂ ಬೀಳುತ್ತಿತ್ತು, ಪಗಾರವೂ ಕಡಿತವಾಗುತ್ತಿತ್ತು. ಅರೆಮರುಳ ಎಂದು ನಾವೆಲ್ಲ ನಗುತ್ತಿದ್ದೆವು. ಒಂದು ದಿನ ಅವನ ಗಂಟು ಹೊರಗೆ ಹಾಕಿದರು. ಎಲ್ಲಿಗೆ ಹೋದನೋ, ಯಾರೂ ವಿಚಾರಿಸಲಿಲ್ಲ. ಹದಿನಾಲ್ಕು ವರ್ಷದ ಒಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದೆಂಬ ಸರಕಾರದ ಆಜ್ಞೆ 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಅದು ಬರುವ ಮೊದಲಿನ ಮಾತು ಇದು. ಅವನಿಗೂ ನಮ್ಮ ಹುಡುಗನಿಗಿದ್ದ ತೊಂದರೆಯೇ ಇತ್ತೋ ಏನೋ. ಪರೀಕ್ಷೆ ಮಾಡಿದವರಿಲ್ಲ.

ಆ ರಾತ್ರಿ ನಮ್ಮ ಕೈ ಏಳಲಿಲ್ಲ. ಗಾಜು ಗುಡಿಸಿದೆವು. ಮರುವಾರ ಹುಡುಗನನ್ನು ಕರೆದುಕೊಂಡು ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗೆ ಹೋದೆವು.

ಅಲ್ಲಿ ಒಂದೇ ದಿನದಲ್ಲಿ ಮುಗಿಯಲಿಲ್ಲ. ಮೊದಲು ಕಿವಿ ನೋಡಿದರು, ಕಣ್ಣು ನೋಡಿದರು. ಕಿವಿ ಕೇಳದ ಮಗುವೂ ಹೇಳಿದ ಮಾತು ಕೇಳುವುದಿಲ್ಲ, ಅದನ್ನು ಹಟವೆಂದು ತಿಳಿಯುತ್ತಾರೆ ಎಂದರು. ಆಮೇಲೆ ಮರದ ತುಂಡುಗಳನ್ನು ಜೋಡಿಸಲು ಕೊಟ್ಟರು, ಚಿತ್ರ ತೋರಿಸಿದರು, ಆಡಲು ಬಿಟ್ಟು ನೋಡಿದರು. ನಮ್ಮಿಬ್ಬರನ್ನೂ ಬೇರೆಬೇರೆಯಾಗಿ ಕೇಳಿದರು. ಶಾಲೆಯ ಮಾಸ್ತರರಿಂದ ಕಾಗದ ತರಿಸಿಕೊಂಡರು. ಅದಕ್ಕೆ ನಾಲ್ಕು ಸಲ ಓಡಾಟ, ನಾಲ್ಕು ದಿನದ ದುಡಿಮೆ ಹೋಯಿತು. ಕೊನೆಗೆ ಹೇಳಿದ್ದು ಇಷ್ಟು. ಗಮನದ ಕೊರತೆ ಮತ್ತು ಅತಿ ಚಟುವಟಿಕೆ ಎಂಬುದು ಒಂದು, ಅದನ್ನು ಎ.ಡಿ.ಎಚ್.ಡಿ. ಎನ್ನುತ್ತಾರೆ. ಅದರ ಜೊತೆಗೆ ಬೆಳವಣಿಗೆ ವಯಸ್ಸಿಗಿಂತ ಹಿಂದೆ ಬಿದ್ದಿದೆ ಎಂಬುದು ಇನ್ನೊಂದು.

ತಾಯಿ ಮೊದಲು ಕೇಳಿದ್ದು, "ನನ್ನಿಂದ ಏನು ತಪ್ಪಾಯಿತು?" ಎಂದು. ಡಾಕ್ಟರಮ್ಮ ಹೇಳಿದ ಉತ್ತರವನ್ನು ಇಲ್ಲಿರುವ ಎಲ್ಲ ತಾಯಂದಿರೂ ಕೇಳಿಕೊಳ್ಳಬೇಕು. ಇದು ಮುದ್ದಿನಿಂದ ಬರುವುದಲ್ಲ, ಸಕ್ಕರೆ ತಿಂದು ಬರುವುದಲ್ಲ, ದೃಷ್ಟಿಯಿಂದಲೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲಿರುವ ವ್ಯತ್ಯಾಸ. ಹೆಚ್ಚಿನ ಪಾಲು ವಂಶದಿಂದ ಬರುತ್ತದೆ. ಲೋಕದಲ್ಲಿ ನೂರು ಮಕ್ಕಳಲ್ಲಿ ಐದು ಮಕ್ಕಳಿಗೆ ಈ ಗಮನದ ತೊಂದರೆ ಇರಬಹುದೆಂದು ಅಂದಾಜು. 1902ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ಡಾಕ್ಟರು ಇಂಥ ಮಕ್ಕಳ ವಿಷಯ ಉಪನ್ಯಾಸ ಮಾಡಿದ್ದರು. ಈ ಮಾತು ನಮ್ಮ ಚಾಳಿಗೆ ಬರಲು ನೂರು ವರ್ಷದ ಮೇಲಾಯಿತು.

ಇನ್ನೊಂದು ಹೆದರಿಕೆ ನಮಗಿತ್ತು. ಮನೆಯಲ್ಲಿ ಕನ್ನಡ, ಚಾಳಿನಲ್ಲಿ ಮರಾಠಿ, ರಸ್ತೆಯಲ್ಲಿ ಹಿಂದಿ; ಇದರಿಂದಲೇ ಹುಡುಗನಿಗೆ ಮಾತು ತಡವಾಯಿತು, ಇನ್ನು ಕನ್ನಡ ಬಿಟ್ಟುಬಿಡಿ ಎಂದು ಒಬ್ಬರು ಬುದ್ಧಿ ಹೇಳಿದ್ದರು. ಎರಡು ಮೂರು ಭಾಷೆ ಕೇಳುವುದರಿಂದ ಇಂಥ ತೊಂದರೆ ಹುಟ್ಟುವುದಿಲ್ಲ, ನಿಮಗೆ ಯಾವ ಭಾಷೆಯಲ್ಲಿ ಚೆನ್ನಾಗಿ ಮಾತಾಡಲು, ಹಾಡಲು, ಸಮಾಧಾನ ಮಾಡಲು ಬರುತ್ತದೋ ಅದರಲ್ಲೇ ಮಾತಾಡಿ ಎಂದು ಆಸ್ಪತ್ರೆಯಲ್ಲಿ ಹೇಳಿದರು. ನಮಗೆ ಬರುವುದು ಕನ್ನಡ. ಕನ್ನಡದಲ್ಲೇ ಮಾತಾಡುತ್ತಿದ್ದೇವೆ.

ಈಗ ನಮ್ಮ ಮನೆಯ ದಿನ ಹೇಗೆ ನಡೆಯುತ್ತದೆ ಎಂದು ಹೇಳುತ್ತೇವೆ. ಇದರಲ್ಲಿ ದುಡ್ಡಿನ ಕೆಲಸ ಕಡಿಮೆ, ತಾಳ್ಮೆಯ ಕೆಲಸ ಹೆಚ್ಚು.

ನಳದಲ್ಲಿ ನೀರು ಬರುವುದು ಬೆಳಗ್ಗೆ ಐದೂವರೆಗೆ. ಮೊದಲು ನೀರು ತುಂಬುವ ಗಡಿಬಿಡಿಯಲ್ಲೇ ಕೂಗುತ್ತಿದ್ದೆವು: "ಏಳು, ಹಲ್ಲುಜ್ಜು, ಸ್ನಾನ ಮಾಡು, ಅಂಗಿ ಹಾಕು, ಚೀಲ ತಾ." ಹುಡುಗ ಮೋರಿಗೆ ಹೋಗಿ ನೀರಿನಲ್ಲಿ ಆಡುತ್ತ ಕುಳಿತಿರುವನು. ಮತ್ತೆ ಕೂಗು, ಮತ್ತೆ ಪೆಟ್ಟು. ಹೋಟೆಲಿನಲ್ಲಿ ಹೊಸದಾಗಿ ಬಂದ ಸಪ್ಲಯರನಿಗೆ ಐದು ಟೇಬಲಿನ ಆರ್ಡರನ್ನು ಒಟ್ಟಿಗೆ ಹೇಳಿದರೆ ಏನಾಗುತ್ತದೆ? ಮಸಾಲೆ ದೋಸೆ ಕೇಳಿದವನಿಗೆ ಉಪ್ಪಿಟ್ಟು ಹೋಗುತ್ತದೆ. ತಿಳಿದ ಕ್ಯಾಪ್ಟನ್ ಹಾಗೆ ಮಾಡುವುದಿಲ್ಲ. ಒಂದು ಹೇಳಿ, ಅದು ಟೇಬಲಿಗೆ ಮುಟ್ಟಿದ ಮೇಲೆ ಇನ್ನೊಂದು ಹೇಳುತ್ತಾನೆ. ಮನೆಯಲ್ಲಿಯೂ ಈಗ ಅದೇ ಪದ್ಧತಿ. ದೂರದಿಂದ ಕೂಗುವುದಿಲ್ಲ. ಹತ್ತಿರ ಹೋಗಿ, ಹೆಗಲು ಮುಟ್ಟಿ, ಮುಖ ನೋಡಿ, ಒಂದೇ ಮಾತು: "ಮಗಾ, ಹಲ್ಲುಜ್ಜು." ಅದು ಆದ ಮೇಲೆ ಮುಂದಿನದು.

ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ತಾಯಿ ಚಿತ್ರ ಬರೆದಿದ್ದಾಳೆ. ಬ್ರಶ್ಶು, ಬಕೆಟ್ಟು, ಅಂಗಿ, ಡಬ್ಬಿ, ಚೀಲ. ಒಂದೊಂದು ಕೆಲಸವಾದಂತೆ ಹುಡುಗನೇ ಬಟ್ಟೆಯ ಕ್ಲಿಪ್ಪನ್ನು ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಸಿಕ್ಕಿಸುತ್ತಾನೆ. ಚೀಲಕ್ಕೆ ಒಂದು ಮೊಳೆ, ಚಪ್ಪಲಿಗೆ ಒಂದು ಮೂಲೆ, ಅವು ಬದಲಾಗುವುದಿಲ್ಲ. ಒಂದು ಖೋಲಿಯ ಮನೆಯಲ್ಲಿ ಇದು ಕಷ್ಟ, ಆದರೂ ಇಟ್ಟುಕೊಂಡಿದ್ದೇವೆ.

ಓದು ಒಂದು ಗಂಟೆ ಎಂದು ಕೂರಿಸಿದರೆ ಒಂದು ನಿಮಿಷವೂ ಓದುವುದಿಲ್ಲ. ಗಡಿಯಾರ ನೋಡಿ ಹತ್ತು ನಿಮಿಷ. ಆಮೇಲೆ ಎದ್ದು ಒಂದು ತಂಬಿಗೆ ನೀರು ತರಬೇಕು, ಇಲ್ಲವೆ ಮೆಟ್ಟಿಲು ಇಳಿದು ಹತ್ತಿ ಬರಬೇಕು. ಮತ್ತೆ ಹತ್ತು ನಿಮಿಷ. ಸರಿ ಮಾಡಿದ್ದನ್ನು ಮಾಡಿದ ಗಳಿಗೆಯಲ್ಲೇ ಹೆಸರಿಟ್ಟು ಹೇಳಬೇಕು: "ಚೀಲ ಮೊಳೆಗೇ ಹಾಕಿದೆಯಲ್ಲ, ಶಹಭಾಸ್." ಭಾನುವಾರ ಐಸ್‌ಕ್ರೀಮು ಕೊಡಿಸುತ್ತೇನೆ ಎಂದು ಸೋಮವಾರ ಹೇಳಿದರೆ ಈ ಮಕ್ಕಳಿಗೆ ಅದು ಮುಟ್ಟುವುದಿಲ್ಲ. ಮೊಬೈಲು ಕೈಗೆ ಕೊಟ್ಟರೆ ಮನೆ ಶಾಂತವಾಗುತ್ತದೆ, ನಿಜ. ಕಿತ್ತುಕೊಂಡಾಗ ಆಗುವ ರಂಪವನ್ನೂ ನಾವು ನೋಡಿದ್ದೇವೆ. ರಾತ್ರಿ ಊಟದ ಮೇಲೆ ಅದನ್ನು ಕಪಾಟಿನ ಮೇಲಿಡುತ್ತೇವೆ.

ಇಷ್ಟು ಮಾಡಿದ್ದರಿಂದ ಹುಡುಗ ಬೇರೆಯವನಾದ ಎಂದು ತಿಳಿಯಬೇಡಿ. ಇಂದಿಗೂ ಓಡುತ್ತಾನೆ, ಬೀಳಿಸುತ್ತಾನೆ, ಕಿರಿಚುತ್ತಾನೆ. ಕಳೆದ ತಿಂಗಳು ನಾವೂ ಒಂದು ಸಲ ಕೈಯೆತ್ತಿದೆವು, ಆಮೇಲೆ ನಾಚಿಕೆಪಟ್ಟೆವು. ಆದರೆ ಈಗ ತಾನೇ ಚೀಲ ತೆಗೆದುಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ. ವಸ್ತು ಬಿದ್ದರೆ ಕೈ ಚಾಚುವುದನ್ನು ಬಿಟ್ಟಿದ್ದಾನೆ. ಪೊರಕೆ ತರುತ್ತಾನೆ.

ಔಷಧಿಯ ವಿಷಯ ಒಂದು ಮಾತು. ಆರು ವರ್ಷದ ಒಳಗಿನ ಮಕ್ಕಳಿಗೆ ಮೊದಲು ತಂದೆತಾಯಿಗಳೇ ಹೀಗೆ ನಡೆಸುವುದನ್ನು ಕಲಿಯಬೇಕು. ದೊಡ್ಡ ಮಕ್ಕಳಲ್ಲಿ ಕೆಲವರಿಗೆ ಡಾಕ್ಟರು ಗುಳಿಗೆ ಕೊಡುತ್ತಾರೆ. ಕೊಟ್ಟರೆ ಹೆದರಬೇಕಾಗಿಲ್ಲ. ಅವರನ್ನು ಕೇಳದೆ ನಾವಾಗಿ ಶುರು ಮಾಡುವುದೂ, ನಿಲ್ಲಿಸುವುದೂ ಸಲ್ಲದು. ಬುದ್ಧಿ ಬೆಳೆಸುವ ಟಾನಿಕ್ಕೆಂದು ಬಾಟಲಿ ಮಾರುವವರಿಗೆ ಬೆವರಿನ ದುಡ್ಡು ಸುರಿಯಬೇಡಿ.

ಸರಕಾರದಿಂದ ಸಿಗುವುದನ್ನೂ ತಿಳಿದಿರಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳ ಪರೀಕ್ಷೆಯಿದೆ, ಬೆಳವಣಿಗೆ ತಡವಾದದ್ದನ್ನು ಗುರುತಿಸುವುದೂ ಅದರಲ್ಲಿ ಸೇರಿದೆ. ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದವರು ಅಂಗನವಾಡಿಯಲ್ಲಿ ವಿಚಾರಿಸಲು ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ 21 ಬಗೆಯ ನ್ಯೂನತೆಗಳ ಪಟ್ಟಿಯಿದೆ. ಬುದ್ಧಿ ಬೆಳವಣಿಗೆಯ ಕುಂದು, ಆಟಿಸಂ, ಕಲಿಕೆಯ ತೊಡಕು ಇವು ಅದರಲ್ಲಿವೆ. ಬರೀ ಗಮನದ ಕೊರತೆಯ ಹೆಸರು ಬೇರೆಯಾಗಿ ಇಲ್ಲ. ಆದುದರಿಂದ ಪೂರ್ತಿ ಪರೀಕ್ಷೆ ಮಾಡಿಸಿ ಎಲ್ಲವನ್ನೂ ಬರೆಸಿಕೊಳ್ಳಿ. ನೂರಕ್ಕೆ 40 ಅಥವಾ ಮೇಲ್ಪಟ್ಟು ನ್ಯೂನತೆಯೆಂದು ಸರ್ಟಿಫಿಕೇಟು ಆದ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಕಲಿಯುವ ಹಕ್ಕಿದೆ. 1999ರ ನ್ಯಾಷನಲ್ ಟ್ರಸ್ಟ್ ಕಾನೂನಿಗೆ ಸೇರಿದ ಮಕ್ಕಳಿಗೆ, ಅಂದರೆ ಬುದ್ಧಿಮಾಂದ್ಯ, ಆಟಿಸಂ ಮೊದಲಾದವು ಇದ್ದವರಿಗೆ, ನಿರಾಮಯ ಎಂಬ ಒಂದು ಲಕ್ಷ ರೂಪಾಯಿಯವರೆಗಿನ ಆರೋಗ್ಯ ವಿಮೆಯಿದೆ. ಅರ್ಜಿ ತುಂಬಲು ಬಾರದವರು ಸಂಘದ ಕಚೇರಿಗೆ ಬನ್ನಿ. ಕುಳಿತು ತುಂಬೋಣ.

ಇನ್ನು ನಮ್ಮ ನಮ್ಮಲ್ಲಿ ಆಡಿಕೊಳ್ಳಬೇಕಾದ ಮಾತು. ಮೇಲೆ ಹೇಳಿದ ಕೆಲಸವನ್ನೆಲ್ಲ ಮಾಡುವವರು ಯಾರು? ತಾಯಿ. ಮನೆಯವಳು ಹೊಲಿಗೆಯ ಕೆಲಸಕ್ಕೆ ಹೋಗುತ್ತಿದ್ದಳು, ಹುಡುಗನಿಗಾಗಿ ಬಿಟ್ಟಳು. ನಾವು ಸಪ್ಲಯರ್ ಆಗಿದ್ದಾಗ ರಾತ್ರಿ ಹನ್ನೆರಡಕ್ಕೆ ಮನೆ ಸೇರುತ್ತಿದ್ದೆವು. ಸಂಘದ ಕೆಲಸಕ್ಕೆ ಬಂದ ಮೇಲೆ, ಮೀಟಿಂಗು ಎಂದು ಅದೇ ಹನ್ನೆರಡು. ಕಾರ್ಮಿಕರ ಹಕ್ಕಿನ ಭಾಷಣ ಮಾಡಿ ಮನೆಗೆ ಹೋದರೆ ಅಲ್ಲಿ ರಜೆಯಿಲ್ಲದ ಕಾರ್ಮಿಕಳೊಬ್ಬಳು ಗೋಡೆಗೆ ಒರಗಿ ನಿದ್ದೆ ಹೋಗಿರುತ್ತಿದ್ದಳು. ಇದು ನಮ್ಮದೇ ತಪ್ಪು. ಈಗ ವಾರದಲ್ಲಿ ಒಂದು ದಿನ ಹುಡುಗ ಪೂರ್ತಿ ನಮ್ಮ ಪಾಲು. ಆ ದಿನ ಅವಳು ಎಲ್ಲಿಗೆ ಹೋಗುತ್ತಾಳೆಂದು ಕೇಳುವುದಿಲ್ಲ.

ಆದ್ದರಿಂದ ವಾರದ ರಜೆ ಎಂದರೆ ಮಲಗಿ ಏಳುವ ದಿನ ಮಾತ್ರವಲ್ಲ. ಮಹಾರಾಷ್ಟ್ರದಲ್ಲಿ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನು ವಾರದ ರಜೆಯನ್ನೂ ವರ್ಷಕ್ಕೆ ಎಂಟು ದಿನದ ಸಾಂದರ್ಭಿಕ ರಜೆಯನ್ನೂ ಬರೆದಿಟ್ಟಿದೆ. ಅದನ್ನು ಬಿಟ್ಟುಕೊಡಬೇಡಿ. ಮಗುವನ್ನು ಆಸ್ಪತ್ರೆಗೆ ಒಯ್ಯಬೇಕಾದವನ ಪಾಳಿಯನ್ನು ಪಕ್ಕದವನು ಒಂದು ದಿನ ಹೊತ್ತುಕೊಳ್ಳಲಿ. ಇಂಥ ಮಕ್ಕಳಿರುವ ತಾಯಂದಿರಿಗಾಗಿ ಭಾನುವಾರ ಮಧ್ಯಾಹ್ನ ಎರಡು ಗಂಟೆ ಸಂಘದ ವಾಚನಾಲಯದ ಕೋಣೆ ಬಿಟ್ಟುಕೊಡಬೇಕೆಂದು ಅಧ್ಯಕ್ಷರಲ್ಲಿ ಬೇಡಿಕೆ ಇಡುತ್ತೇವೆ. ಮಕ್ಕಳು ಗಲಾಟೆ ಮಾಡುತ್ತಾರೆ. ಮಾಡಲಿ. ಹೊಸ ಹುಡುಗ ಹೋಟೆಲಿಗೆ ಬಂದು ಮರೆತರೆ, ಬೀಳಿಸಿದರೆ, ಮರುಳ ಎಂಬ ಮಾತು ನಮ್ಮ ಬಾಯಿಂದ ಬರದಿರಲಿ.

ಗಿರಣಿಯ ಹಿರಿಯರು ಬಲ್ಲಿರಿ. ನೂಲು ಹರಿದರೆ ನೇಕಾರ ಮಗ್ಗವನ್ನು ಒದೆಯುವುದಿಲ್ಲ. ನಿಲ್ಲಿಸಿ, ಹರಿದಲ್ಲಿ ಗಂಟು ಹಾಕಿ, ಮತ್ತೆ ನಡೆಸುತ್ತಾನೆ. ದಿನಕ್ಕೆ ಎಷ್ಟು ಸಲ ಹರಿದರೂ ಅಷ್ಟು ಸಲ. ನಮ್ಮ ಮನೆಯಲ್ಲಿಯೂ ಈಗ ಅದೇ ಕೆಲಸ ನಡೆದಿದೆ.