ಎರಡು ಕೊಳಗ, ಒಂದು ವೋಟು

ಇವತ್ತಿನ ಮಾತು ಸಂವಿಧಾನದ್ದು. ಸ್ಕಿಪ್ ಮಾಡ್ಬೇಡಿ, ಸಿವಿಕ್ಸ್ ಪಾಠ ಮಾಡಲ್ಲ. ಒಂದು ಕೊಳಗದ ಕಥೆ ಹೇಳ್ತೀನಿ.

ಕೊಳಗ ಅಂದ್ರೆ ಭತ್ತ ಅಳೆಯೋ ಪಾತ್ರೆ. ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಕಾಗೋಡು ಅಂತ ಊರಿದೆ. ಅಲ್ಲಿನ ಗೇಣಿದಾರರು ಒಡೆಯರಿಗೆ ಭತ್ತ ಅಳೆದು ಕೊಡಬೇಕಿತ್ತು. ಗೇಣಿ ಅಳೆಯೋ ಕೊಳಗ ಮಾಮೂಲಿಗಿಂತ ದೊಡ್ಡದು ಅನ್ನೋದು ಅವರ ದೂರು. ನಾನು ಬಿಕಾಂ ಓದಿದವನು, ಈ ಲೆಕ್ಕ ಬೇಗ ಅರ್ಥವಾಗುತ್ತೆ: ಬಾಯಲ್ಲಿ ಗೇಣಿ ಅಷ್ಟೇ, ಕಣದಿಂದ ಹೋಗೋ ಭತ್ತ ಜಾಸ್ತಿ.

1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯ್ತು. ಎಚ್. ಗಣಪತಿಯಪ್ಪನವರು ರೈತರನ್ನ ಸಂಘಟಿಸಿದ್ರು, ಸಮಾಜವಾದಿಗಳು ಜೊತೆಯಾದ್ರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದ್ರು, ಅವರನ್ನೂ ಬಂಧಿಸಿದ್ರು.

ಗಮನಿಸಿ, ಕಾನೂನಿನ ಮುಂದೆ ಎಲ್ಲರೂ ಸಮಾನರು ಅನ್ನೋ 14ನೇ ವಿಧಿ ಜಾರಿಯಾಗಿ ಆಗಲೇ ವರ್ಷ ದಾಟಿತ್ತು. ಹಾಗಾದ್ರೆ ಸಂವಿಧಾನ ಮಾಡಿದ್ದೇನು?

1952ರ ಚುನಾವಣೆ ನೋಡಿ. ಒಡೆಯನಿಗೂ ಒಂದೇ ವೋಟು, ಗೇಣಿದಾರನಿಗೂ ಒಂದೇ ವೋಟು. ಕಣದಲ್ಲಿ ಎರಡು ಅಳತೆ ಇದ್ರೂ ಮತಪೆಟ್ಟಿಗೆಯಲ್ಲಿ ಒಂದೇ. ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು ಶಾಸಕರಾದ್ರು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಬಂತು. ಗೇಣಿದಾರ ಅರ್ಜಿ ಹಾಕಿ ತಾನು ಉಳೋ ಗದ್ದೆಗೆ ಒಡೆಯ ಆಗೋ ದಾರಿ ತೆರೀತು. ಅಷ್ಟರಲ್ಲಿ 23 ವರ್ಷ ಕಳೆದಿತ್ತು.

ಹಳೇ ಕಥೆ ಅನ್ಬೇಡಿ. ನಮ್ಮಮ್ಮ ಭದ್ರಾವತಿಯ ಒಂದು ಸರ್ಕಾರಿ ಕಚೇರಿಯಲ್ಲಿ ವರ್ಷಗಟ್ಟಲೆ ತಾತ್ಕಾಲಿಕ ಕೆಲಸ ಮಾಡಿದ್ರು. ಪಕ್ಕದ ಟೇಬಲ್ಲಿನವರು ಪರ್ಮನೆಂಟು. ಕೆಲಸ ಒಂದೇ, ಸಂಬಳ ಮಾತ್ರ ಬೇರೆ ಕೊಳಗದಲ್ಲಿ! ಸಮಾನ ಕೆಲಸಕ್ಕೆ ಸಮಾನ ವೇತನ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತೆ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದನ್ನ ಫೋನಲ್ಲಿ ಓದಿ ಹೇಳಿದೆ. ಅಮ್ಮ ಕೇಳಿದ್ದು ಒಂದೇ: "ಮತ್ತೆ ನಂಗ್ಯಾಕೆ ಬರ್ಲಿಲ್ಲ ಮಗಾ?"

ಆವತ್ತು ನಾನು ಸುಮ್ಮನಿದ್ದೆ. ಈಗ ಹೇಳಬಲ್ಲೆ. ಹಕ್ಕು ತಾನಾಗೇ ಮನೆಗೆ ಬರಲ್ಲಮ್ಮ, ಕೇಳಬೇಕು. ಆದ್ರೆ ಕೇಳೋಕೆ ಯಾರ ಕಾಲಿಗೂ ಬೀಳಬೇಕಿಲ್ಲ. ಬೇಡೋದಕ್ಕೂ ಕೇಳೋದಕ್ಕೂ ಇರೋ ಆ ವ್ಯತ್ಯಾಸವೇ ಸಂವಿಧಾನ.

ನೀವು ಎಲ್ಲಿ ಎರಡು ಕೊಳಗ ನೋಡಿದೀರಿ? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.