ನಾಲ್ಕು ಡಿಸ್ಕು, ಒಂದು ಬೀಪ್ ಮತ್ತು ನಮ್ಮ ಹಾಡುಗಳು

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಆಮಂತ್ರಣದಲ್ಲಿ ‘ಉಪನ್ಯಾಸ’ ಎಂದು ಹಾಕಿದ್ದಾರೆ. ನಾನು ಹೇಳಬೇಕಾದದ್ದು ನ್ಯಾಸದ ಕಥೆಯೇ. ನಮ್ಮ ಮನೆಯ ಟಿವಿ ಪಕ್ಕದಲ್ಲಿ ಬ್ರೆಡ್ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದಿದೆ. ಅದರೊಳಗೆ ನಾಲ್ಕು ಹಾರ್ಡ್ ಡಿಸ್ಕ್. ವೈಫೈ ಇರುವ ಯಾವ ಕೋಣೆಯಿಂದಲಾದರೂ ಅದರಲ್ಲಿ ಫೋಟೋ, ಹಾಡು, ವಿಡಿಯೋ ಇಡಬಹುದು, ತೆಗೆಯಬಹುದು. ಕಂಪ್ಯೂಟರ್‌ನವರು ಅದಕ್ಕೆ ನ್ಯಾಸ್ ಅನ್ನುತ್ತಾರೆ. ಸಂಸ್ಕೃತದಲ್ಲಿ ನ್ಯಾಸ ಎಂದರೆ ಇಡುವುದು, ಒಬ್ಬರ ವಶಕ್ಕೆ ಒಪ್ಪಿಸಿದ ವಸ್ತು. ಹೆಸರಿಟ್ಟವರಿಗೆ ಇದು ಗೊತ್ತಿರಲಿಕ್ಕಿಲ್ಲ, ಆದರೆ ನನ್ನ ಪಾಲಿಗೆ ಆ ಅರ್ಥವೇ ನಿಜವಾಯಿತು. ಅದರಲ್ಲಿ ಇದ್ದದ್ದು ನನ್ನದಲ್ಲ, ನಿಮ್ಮದು.

ಹಳಬರಿಗೆ ನೆನಪಿರಬಹುದು. 2018ರಲ್ಲಿ ನಮ್ಮ ವಿಭಾಗದಿಂದ ಹಳೆಯ ಕ್ಯಾಸೆಟ್‌ಗಳನ್ನು ಕೂಡಿಸಿದೆವು. ಬೀಸುವ ಪದ, ಕುಟ್ಟುವ ಪದ, ಹಸೆಗೆ ಕರೆಯುವ ಹಾಡು, ಜೋಗುಳ. ನಿಮ್ಮ ನಿಮ್ಮ ಅವ್ವಂದಿರು, ಅತ್ತೆಯಂದಿರು ಹಾಡಿದ್ದು. ಮುಂಬಯಿಯ ತೇವಕ್ಕೆ ಅರ್ಧ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿತ್ತು. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಕ್ಯಾಸೆಟ್‌ಗಳನ್ನು ರದ್ದಿಯವನಿಗೆ ಕೊಟ್ಟೆವು. ‘ಇನ್ನು ಚಿಂತೆಯಿಲ್ಲ, ನಮ್ಮ ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿದೆ’ ಎಂದು ಇದೇ ಮೈಕಿನ ಮುಂದೆ ನಾನೇ ಹೇಳಿದ್ದೆ. ಆಮೇಲೂ ಹೊಸದಾಗಿ ಹಾಡಿಸಿದ್ದನ್ನೆಲ್ಲ ಅದರಲ್ಲೇ ಸೇರಿಸುತ್ತ ಬಂದೆ.

ಭದ್ರ ಎಂಬ ಆ ಮಾತು ಎಲ್ಲಿಂದ ಬಂತು ಎನ್ನುವುದನ್ನು ಮೊದಲು ಹೇಳುತ್ತೇನೆ. ನಾಲ್ಕು ಡಿಸ್ಕ್‌ಗಳನ್ನು ಕೂಡಿಸಿ ಒಂದರಂತೆ ಬಳಸುವ ಪದ್ಧತಿಗೆ ರೇಡ್ ಎಂದು ಹೆಸರು. 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಬರೆದ ಪ್ರಬಂಧದಿಂದ ಆ ಹೆಸರು ಊರೆಲ್ಲ ಹಬ್ಬಿತು. ನಮ್ಮ ಪೆಟ್ಟಿಗೆಯಲ್ಲಿದ್ದದ್ದು ರೇಡ್ ಐದು. ಅದು ಹೇಗೆ ಕೆಲಸ ಮಾಡುತ್ತದೆ ಎಂದರೆ, ಮುಂದಿನ ಸಾಲಿನಲ್ಲಿ ಕೂತ ನೀವು ನಾಲ್ವರನ್ನೇ ತೆಗೆದುಕೊಳ್ಳಿ. ಮೊದಲನೆಯವರ ಕೈಯಲ್ಲಿ 7, ಎರಡನೆಯವರಲ್ಲಿ 12, ಮೂರನೆಯವರಲ್ಲಿ 5. ನಾಲ್ಕನೆಯವರ ಕೈಯಲ್ಲಿ ಇವುಗಳ ಮೊತ್ತ 24 ಬರೆದ ಚೀಟಿ. ಎರಡನೆಯವರು ಚಹಾಕ್ಕೆ ಎದ್ದು ಹೋದರು ಅನ್ನಿ. ಉಳಿದ ಮೂವರನ್ನು ಕೇಳಿದರೆ ಸಾಕು, 24ರಲ್ಲಿ 7 ಮತ್ತು 5 ಕಳೆದರೆ 12 ಸಿಕ್ಕಿತು. ಆದರೆ ಇಬ್ಬರು ಒಟ್ಟಿಗೆ ಎದ್ದು ಹೋದರೆ? ಮುಗಿಯಿತು, ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಡಿಸ್ಕಿನಲ್ಲಿ ಮಾಡುವುದು ಕೂಡುವ ಲೆಕ್ಕವಲ್ಲ, ಸಮ-ಬೆಸದ ಲೆಕ್ಕ. ಚೀಟಿ ಹಿಡಿಯುವ ಸರದಿಯೂ ನಾಲ್ವರಲ್ಲಿ ಸುತ್ತುತ್ತಿರುತ್ತದೆ. ತತ್ವ ಮಾತ್ರ ಇಷ್ಟೇ: ಒಬ್ಬರ ಗೈರುಹಾಜರಿಯನ್ನು ತಾಳಿಕೊಳ್ಳುತ್ತದೆ, ಇಬ್ಬರದನ್ನಲ್ಲ.

ಕಳೆದ ವರ್ಷ ಮಾರ್ಚಿನಲ್ಲಿ ಒಬ್ಬರು ಎದ್ದು ಹೋದರು. ಮೂರನೆಯ ಡಿಸ್ಕ್. ಪೆಟ್ಟಿಗೆ ಬೀಪ್ ಬೀಪ್ ಎಂದು ಕೂಗಲು ಶುರು ಮಾಡಿತು. ಮೊಮ್ಮಗಳ ಪರೀಕ್ಷೆಯ ದಿನಗಳು, ಮಧ್ಯಾಹ್ನದ ಹೊತ್ತು. ಕಂಪ್ಯೂಟರಿನಲ್ಲಿ ಅದರ ಪುಟ ತೆರೆದೆ. ‘ಡಿಗ್ರೇಡೆಡ್’ ಎಂದು ಬರೆದಿತ್ತು, ಪಕ್ಕದಲ್ಲಿ ಬೀಪ್ ನಿಲ್ಲಿಸುವ ಗುಂಡಿ. ಒತ್ತಿದೆ, ಸದ್ದು ನಿಂತಿತು. ಫೋಟೋ ತೆರೆದು ನೋಡಿದೆ, ತೆರೆಯಿತು. ಹಾಡು ಹಾಕಿದೆ, ಹಾಡಿತು. ಎಲ್ಲ ಸರಿಯಿದೆಯಲ್ಲ ಅಂದುಕೊಂಡೆ. ಮೂವರು ಸೇರಿ ನಾಲ್ಕನೆಯವರ ಕೆಲಸವನ್ನೂ ಹೊತ್ತಿದ್ದಾರೆ ಎಂದು ಆಗ ಹೊಳೆಯಲಿಲ್ಲ. ಮನೆಯೊಳಗೆ ನಾವೇ ಎಷ್ಟು ಸಲ ಹಾಗೆ ಹೊತ್ತಿಲ್ಲ, ಯಾರಿಗಾದರೂ ಗೊತ್ತಾಗಿದೆಯೇ? (ನೀವು ನಗುತ್ತೀರಿ, ನನಗೆ ಆಗ ನಗು ಬರಲಿಲ್ಲ.)

ಜುಲೈಯಲ್ಲಿ ಒಂದು ರಾತ್ರಿ ಮಳೆಗೆ ಕರೆಂಟು ಐದಾರು ಸಲ ಹೋಗಿ ಬಂತು. ಬೆಳಿಗ್ಗೆ ಪೆಟ್ಟಿಗೆಯಲ್ಲಿ ಕೆಂಪು ದೀಪ. ಎರಡನೆಯ ಡಿಸ್ಕೂ ಕೈ ಬಿಟ್ಟಿತ್ತು. ಪುಟ ತೆರೆದರೆ ಒಂದು ಫೋಲ್ಡರೂ ಇಲ್ಲ. ಸರಿಪಡಿಸಲೇ, ಅಳಿಸಿ ಹೊಸದಾಗಿ ಮಾಡಲೇ ಎಂದು ಅದು ಕೇಳುತ್ತಿತ್ತು. ನನ್ನ ಬೆರಳು ಇಲಿಯ ಮೇಲಿತ್ತು. ಏನೋ ಅನ್ನಿಸಿ ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನು ಮಾಡಿದೆ. ಅವನ ಮೊದಲ ಮಾತು: ‘ಚಿಕ್ಕಮ್ಮಾ, ಏನನ್ನೂ ಒತ್ತಬೇಡಿ. ಮೊದಲು ಆಫ್ ಮಾಡಿ.’

ಇವತ್ತು ನೀವು ಮನೆಗೆ ಒಂದೇ ಒಂದು ಮಾತು ಒಯ್ಯುವುದಾದರೆ ಅವನ ಆ ಮಾತನ್ನೇ ಒಯ್ಯಿರಿ. ಇಂಥ ಪೆಟ್ಟಿಗೆ ಕೆಟ್ಟಾಗ ಹಾನಿ ಹೆಚ್ಚಾಗಿ ಆಗುವುದು ಕೆಟ್ಟ ಮೇಲೆ, ನಮ್ಮ ಅವಸರದಿಂದ. ಹೊಸ ಡಿಸ್ಕ್ ಹಾಕಿ ‘ರೀಬಿಲ್ಡ್’ ಕೊಟ್ಟರೆ ಮೊದಲೇ ಬಳಲಿದ ಡಿಸ್ಕನ್ನು ತುದಿಯಿಂದ ತುದಿಗೆ ಓದಿಸುತ್ತದೆ, ಅದು ನಡುವೆ ಕುಸಿದರೆ ಇದ್ದದ್ದೂ ಹೋಯಿತು. ‘ಇನಿಶಿಯಲೈಸ್’ ಕೊಟ್ಟರೆ ಹಳೆಯ ಲೆಕ್ಕದ ಮೇಲೆ ಹೊಸ ಲೆಕ್ಕ ಬರೆಯುತ್ತದೆ. ಡಿಸ್ಕನ್ನು ತೆಗೆದು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ಇದನ್ನು ಫಾರ್ಮ್ಯಾಟ್ ಮಾಡಲೇ ಎಂದು ಬಹಳ ವಿನಯದಿಂದ ಕೇಳುತ್ತದೆ. ಹೂಂ ಅನ್ನಬೇಡಿ. ನಮ್ಮ ಬಿಲ್ಡಿಂಗಿನವರೊಬ್ಬರು ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಡಲು ಹೇಳಿದರು. ಅದನ್ನೂ ಮಾಡಬೇಡಿ, ಹೊರಗೆ ತೆಗೆದ ಕೂಡಲೇ ಒಳಗೆ ನೀರು ಕಟ್ಟುತ್ತದೆ.

ಊರಿನಲ್ಲಿ ಡೇಟಾ ಮರಳಿಸಿ ಕೊಡುವ ಅಂಗಡಿಯೊಂದಕ್ಕೆ ಕೇಳಿದೆವು. ನಾಲ್ಕು ಡಿಸ್ಕಿಗೆ ಅವರು ಹೇಳಿದ ಮೊತ್ತದಲ್ಲಿ ಒಂದು ಸ್ಕೂಟರ್ ಬರುತ್ತಿತ್ತು. ಅವರದೂ ತಪ್ಪಲ್ಲ. ಡಿಸ್ಕ್ ಟಕ್ ಟಕ್ ಎಂದು ಬಡಿದುಕೊಳ್ಳುತ್ತಿದ್ದರೆ ಅದನ್ನು ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಬೇಕು, ಮನೆಯಲ್ಲಿ ಆಗುವ ಕೆಲಸವಲ್ಲ. ಹಾಗಿದ್ದರೆ ದುಡ್ಡು ಕೊಡುವುದೇ ಸರಿ. ನಮ್ಮದು ಬಡಿದುಕೊಳ್ಳುತ್ತಿರಲಿಲ್ಲ, ಅಲ್ಲಲ್ಲಿ ಓದಲು ತೊದಲುತ್ತಿತ್ತು ಅಷ್ಟೇ. ಹಾಗಾಗಿ ಮನೆಯಲ್ಲೇ ಪ್ರಯತ್ನಿಸೋಣ ಎಂದ ಹುಡುಗ. ಅವನು ಅಲ್ಲಿ, ನಾನು ಇಲ್ಲಿ, ನಡುವೆ ವಿಡಿಯೋ ಕಾಲ್.

ಮೊದಲ ಕೆಲಸ ಗುರುತು ಹಾಕುವುದು. ಡಿಸ್ಕುಗಳನ್ನು ಎಳೆಯುವ ಮುನ್ನ ಬಿಳಿ ಟೇಪಿನ ಮೇಲೆ 1, 2, 3, 4 ಎಂದು ಬರೆದು ಅಂಟಿಸಿದೆ. ಪ್ರತಿಯೊಂದರ ಸೀರಿಯಲ್ ನಂಬರಿನ ಫೋಟೋ ತೆಗೆದೆ. ಆಮೇಲೆ ಡೊಂಬಿವಲಿಯಿಂದ ದಾದರ್, ಅಲ್ಲಿಂದ ಗಾಡಿ ಬದಲಿಸಿ ಗ್ರಾಂಟ್ ರೋಡ್, ಲ್ಯಾಮಿಂಗ್ಟನ್ ರೋಡಿನಲ್ಲಿ ಎರಡು ಹೊಸ ಡಿಸ್ಕ್ ಕೊಂಡೆ. ನಮ್ಮ ಹಳೆಯವು 4 ಟಿಬಿ. ಹೊಸದು ಅಷ್ಟೇ ದೊಡ್ಡದು ಅಥವಾ ಅದಕ್ಕಿಂತ ದೊಡ್ಡದಿರಬೇಕು, ಒಂದು ಕೂದಲೆಳೆಯಷ್ಟು ಚಿಕ್ಕದಾದರೂ ನಕಲು ಪೂರ್ತಿಯಾಗುವುದಿಲ್ಲ.

ಮಗನ ಹಳೆಯ ಡೆಸ್ಕ್‌ಟಾಪ್ ಒಂದಿತ್ತು. ಅದನ್ನು ಪೆನ್‌ಡ್ರೈವಿನಿಂದ ಲಿನಕ್ಸಿನಲ್ಲಿ ಶುರು ಮಾಡಿದೆವು. ಮನೆಯಲ್ಲಿ ಬಳಸುವ ಇಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ಲಿನಕ್ಸೇ, ಆದ್ದರಿಂದ ಅದರ ಭಾಷೆ ಅದಕ್ಕೆ ತಿಳಿಯುತ್ತದೆ. ನಾಲ್ಕನ್ನೂ ಒಟ್ಟಿಗೆ ಜೋಡಿಸಲು ಹುಡುಗ ಬಿಡಲಿಲ್ಲ. ಹಾಗೆ ಮಾಡಿದರೆ ಲಿನಕ್ಸ್ ತಾನಾಗಿಯೇ ಅವನ್ನು ಕೂಡಿಸಲು ಹೊರಡಬಹುದಂತೆ. ಒಂದೊಂದನ್ನೇ ಹಾಕಿ ಆರೋಗ್ಯ ನೋಡಿದೆವು. ಒಂದು ಮತ್ತು ನಾಲ್ಕು ಗಟ್ಟಿ. ಎರಡರಲ್ಲಿ ಓದಲಾಗದ ಜಾಗಗಳು ಬಹಳ. ಮೂರರಲ್ಲಿ ಕೆಲವೇ ಕೆಲವು.

ಎರಡನೆಯದರ ನಕಲಿಗೆ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಬಳಸಿದೆವು. ದುಡ್ಡು ಕೊಡಬೇಕಾಗಿಲ್ಲ. ಅದರ ರೀತಿ ನನಗೆ ಬಹಳ ಹಿಡಿಸಿತು. ನಾವು ಅಕ್ಕಿ ಆರಿಸುವ ಹಾಗೆ. ಮೊದಲ ಸುತ್ತಿನಲ್ಲಿ ಸಲೀಸಾಗಿ ಬರುವುದನ್ನೆಲ್ಲ ತೆಗೆದುಕೊಳ್ಳುತ್ತದೆ, ಕಷ್ಟದ ಜಾಗ ಬಂದರೆ ಹಟ ಮಾಡದೆ ದಾಟಿ ಮುಂದೆ ಹೋಗುತ್ತದೆ. ಪೂರ್ತಿ ಮುಗಿದ ಮೇಲೆ ಬಿಟ್ಟ ಜಾಗಗಳಿಗೆ ತಿರುಗಿ ಬಂದು ಚೂರು ಚೂರಾಗಿ ಕೇಳುತ್ತದೆ. ಎಲ್ಲಿಯವರೆಗೆ ಬಂದೆ ಎನ್ನುವುದನ್ನು ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ, ನಡುವೆ ಕರೆಂಟು ಹೋದರೂ ಮೊದಲಿನಿಂದ ಶುರು ಮಾಡಬೇಕಿಲ್ಲ. ಗಟ್ಟಿ ಡಿಸ್ಕಾದರೆ 4 ಟಿಬಿಗೆ ಏಳೆಂಟು ಗಂಟೆ ಸಾಕು. ನಮ್ಮದಕ್ಕೆ ಮೂರು ರಾತ್ರಿ ಹಿಡಿಯಿತು. ಟೇಬಲ್ ಫ್ಯಾನನ್ನು ಡಿಸ್ಕಿನ ಕಡೆ ತಿರುಗಿಸಿ, ನಾನು ಸೆಕೆಯಲ್ಲಿ ಮಲಗಿದೆ. ಕೊನೆಗೆ ಏನು ಮಾಡಿದರೂ ಓದಲಾಗದೆ ಉಳಿದದ್ದು 600 ಕಿಲೋಬೈಟಿನಷ್ಟು. ಅಷ್ಟು ಜಾಗ ನಕಲಿನಲ್ಲಿ ಖಾಲಿ.

ಆಮೇಲೆ ಕೂಡಿಸುವ ಕೆಲಸ. ಪ್ರತಿ ಡಿಸ್ಕಿನಲ್ಲೂ ಒಂದು ಹಾಜರಿ ಪುಸ್ತಕ ಇರುತ್ತದೆ. ಈ ಗುಂಪಿನಲ್ಲಿ ನನ್ನ ಸ್ಥಾನ ಎಷ್ಟನೆಯದು, ಕೊನೆಯ ಸಲ ಎಂದು ಹಾಜರಿದ್ದೆ, ಎಷ್ಟನೆಯ ಘಟನೆಯವರೆಗೆ ನನಗೆ ಗೊತ್ತು. ಎಂಡಿಎಡಿಎಂ ಎಂಬ ಪ್ರೋಗ್ರಾಂ ಅದನ್ನು ಓದಿ ತೋರಿಸುತ್ತದೆ. ಒಂದು ಮತ್ತು ನಾಲ್ಕರ ಎಣಿಕೆ ಒಂದೇ. ಎರಡರದು ಸ್ವಲ್ಪ ಹಿಂದೆ, ಜುಲೈಯ ಆ ರಾತ್ರಿಯದು. ಮೂರರದು ಬಹಳ ಹಿಂದೆ, ಮಾರ್ಚಿನಲ್ಲೇ ನಿಂತಿತ್ತು. ‘ಮೂರನೆಯದು ಮಾರ್ಚಿನ ಪೇಪರ್, ಚಿಕ್ಕಮ್ಮ. ಅದನ್ನು ಜುಲೈಯ ಪೇಪರಿನ ಜೊತೆ ಸೇರಿಸಿ ಓದಿದರೆ ಸುದ್ದಿ ಕಲಸುಮೇಲೋಗರ’ ಎಂದ. ಹಾಗಾಗಿ ಮೂರನ್ನು ಹೊರಗಿಟ್ಟು, ಒಂದು, ಎರಡರ ನಕಲು ಮತ್ತು ನಾಲ್ಕು, ಈ ಮೂರನ್ನು ಕೂಡಿಸಿದೆವು. ಅದೂ ನೇರವಾಗಿ ಅಲ್ಲ. ಡಿಸ್ಕಿನ ಮೇಲೆ ಟ್ರೇಸಿಂಗ್ ಪೇಪರ್ ಹಾಸಿದ ಹಾಗೆ ಒಂದು ಪದರ ಮಾಡಿದ. ಬರೆಯುವುದೇನಾದರೂ ಇದ್ದರೆ ಆ ಪದರಕ್ಕೆ ಹೋಗುತ್ತದೆ, ಕೆಳಗಿನ ಅಸಲು ಹಾಗೇ ಉಳಿಯುತ್ತದೆ. ತಪ್ಪಾದರೆ ಪದರ ಬಿಸಾಡಿ ಮತ್ತೆ ಶುರು. ಅದರ ಮೇಲೂ, ಓದಲು ಮಾತ್ರ ಎಂಬ ಕಟ್ಟಳೆಯಲ್ಲೇ ತೆರೆದ.

ರಾತ್ರಿ ಹನ್ನೊಂದೂವರೆಗೆ ಫೋಲ್ಡರ್‌ಗಳು ಒಂದೊಂದಾಗಿ ಪರದೆಯ ಮೇಲೆ ಬಂದವು. ‘ಹಾಡು 2018’ ಎಂಬುದೂ ಇತ್ತು. ನನಗೆ ಮಾತು ಹೊರಡಲಿಲ್ಲ. ‘ಅಳುವುದು ಆಮೇಲೆ, ಮೊದಲು ಕಾಪಿ ಮಾಡಿ’ ಎಂದ ಹುಡುಗ. ಎರಡನೆಯ ಹೊಸ ಡಿಸ್ಕಿಗೆ ಮೊದಲು ಹಾಡು, ನಂತರ ಫೋಟೋ, ಕೊನೆಗೆ ಸಿನಿಮಾ.

ಇನ್ನು ಆ 600 ಕಿಲೋಬೈಟ್. ಲಕ್ಷಾಂತರ ಫೋಟೋಗಳ ನಡುವೆ ಅದೊಂದು ಸಾಸಿವೆ ಕಾಳು. ಆದರೆ ಕಾಳು ಎಲ್ಲಿ ಬಿದ್ದಿದೆ ಎನ್ನುವುದೇ ಮುಖ್ಯ. ಅರ್ಧ ಬಿದ್ದದ್ದು 2018ರ ಒಂದು ಹಾಡಿನೊಳಗೆ, ನಮ್ಮ ಹಿರಿಯ ಸದಸ್ಯೆಯೊಬ್ಬರ ತಾಯಿ ಹಾಡಿದ ಬೀಸುವ ಪದ. ಅವರು ಹಿಂದಿನ ವಾರವಷ್ಟೇ ಫೋನಿನಲ್ಲಿ ‘ನಮ್ಮವ್ವನ ದನಿ ಐತಿ ಹೌದಿಲ್ಲೊ ಅದರಾಗ?’ ಎಂದು ಕೇಳಿದ್ದರು. ನಾನು ಐತಿ ಎಂದುಬಿಟ್ಟಿದ್ದೆ.

ಆಗ ಹುಡುಗನಿಗೆ ಮಾರ್ಚಿನ ಪೇಪರ್ ನೆನಪಾಯಿತು. ಹಳೆಯ ಪೇಪರಿನಲ್ಲಿ ಹೊಸ ಸುದ್ದಿ ಇರುವುದಿಲ್ಲ ನಿಜ, ಆದರೆ ಹಳೆಯ ಸುದ್ದಿ ಸರಿಯಾಗಿಯೇ ಇರುತ್ತದಲ್ಲ! 2018ರಲ್ಲಿ ಇಟ್ಟ ಹಾಡನ್ನು ಆಮೇಲೆ ಯಾರೂ ಮುಟ್ಟಿಲ್ಲ. ಆ ಜಾಗದ ಮಟ್ಟಿಗೆ ಮೂರನೆಯ ಡಿಸ್ಕ್ ಹೇಳುವುದು ಈಗಲೂ ಸತ್ಯ. ಮೊದಲಿನ ಜೋಡಣೆ ಬಿಚ್ಚಿ, ಹೊಸ ಪದರ ಹಾಸಿ, ಈ ಸಲ ಎರಡನ್ನು ಹೊರಗಿಟ್ಟು ಒಂದು, ಮೂರು, ನಾಲ್ಕನ್ನು ಕೂಡಿಸಿದ. ಈ ಜೋಡಣೆಯಲ್ಲಿ ಈಚಿನ ಫೋಲ್ಡರುಗಳೆಲ್ಲ ಚಿಂದಿ. ಆದರೆ ಬೀಸುವ ಪದ ಮೊದಲಿನಿಂದ ಕೊನೆಯವರೆಗೆ ಅಖಂಡವಾಗಿ ಬಂತು. ಕೆಟ್ಟಿತೆಂದು ಬಿಸಾಡಲು ಹೊರಟಿದ್ದ ಡಿಸ್ಕ್ ಅದು. ಎಲ್ಲ ಮುಗಿಯುವ ತನಕ ಯಾವ ಡಿಸ್ಕನ್ನೂ ಎಸೆಯಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಉಳಿದರ್ಧ ಬಿದ್ದದ್ದು ಕಳೆದ ವರ್ಷದ ಮೇ ತಿಂಗಳಲ್ಲಿ ನಾವು ಮಾಡಿದ ರೆಕಾರ್ಡಿಂಗಿನ ಮೇಲೆ. ಯಾರದೆಂದು ನಿಮಗೆ ಗೊತ್ತು. ಹಸೆಗೆ ಕರೆಯುವ ಹಾಡನ್ನು ಹಾಡಿ, ‘ಇನ್ನೊಮ್ಮೆ ಬರ್ರಿ, ಉಳಿದದ್ದು ಹಾಡತೀನಿ’ ಎಂದಿದ್ದರು. ಜೂನಿನಲ್ಲಿ ತೀರಿಕೊಂಡರು. ಆ ಹಾಡು ಮಾರ್ಚಿನ ಡಿಸ್ಕಿನಲ್ಲಿ ಇರಲು ಸಾಧ್ಯವೇ ಇಲ್ಲ. ಮಾರ್ಚಿನಲ್ಲಿ ಬೀಪ್ ಕೇಳಿದಾಗಲೇ ಒಂದು ಡಿಸ್ಕ್ ಬದಲಿಸಿದ್ದರೆ ಮೇ ತಿಂಗಳಲ್ಲಿ ನಾಲ್ವರೂ ಹಾಜರಿರುತ್ತಿದ್ದರು. ಅವರ ಸೊಸೆಯ ಮುಂದೆ ಕೂತು ಇದನ್ನು ಹೇಳಿದೆ, ಇವತ್ತು ನಿಮ್ಮೆಲ್ಲರ ಮುಂದೆಯೂ ಹೇಳುತ್ತಿದ್ದೇನೆ. ಪೂರ್ತಿ ಹೋಗಿಲ್ಲ. ಐದು ಸೆಕೆಂಡಿನಷ್ಟು ಹೊತ್ತು ದನಿ ಕತ್ತರಿಸಿ ಕತ್ತರಿಸಿ ಬರುತ್ತದೆ. ಒಂದೇ ಹಾಡು ತುಂಡು ತುಂಡಾಗಿ ಸರದಿಯಲ್ಲಿ ಬೇರೆ ಬೇರೆ ಡಿಸ್ಕಿಗೆ ಹಂಚಿಹೋಗಿರುತ್ತದೆ. ಎರಡನೆಯವರ ಪಾಲಿನ ತುಂಡುಗಳೂ, ಅವರನ್ನು ಕೇಳಿ ಲೆಕ್ಕ ಹಾಕಬೇಕಿದ್ದ ಗೈರುಹಾಜರಿ ಮೂರನೆಯವರ ಪಾಲಿನ ತುಂಡುಗಳೂ ಸಿಗುವುದಿಲ್ಲ. ಒಂದು ಸಾಲಿನ ಪದಗಳು ಕಿವಿಗೆ ಸಿಗುವುದಿಲ್ಲ.

ಈಗಿನ ವ್ಯವಸ್ಥೆಯನ್ನು ಬೇಗ ಹೇಳಿಬಿಡುತ್ತೇನೆ. ರೇಡ್ ಎಂದರೆ ಬ್ಯಾಕಪ್ ಅಲ್ಲ. ಡಿಸ್ಕ್ ಕೆಟ್ಟರೂ ಪೆಟ್ಟಿಗೆ ನಡೆಯುತ್ತಿರಲಿ ಎಂಬ ಏರ್ಪಾಡು ಅಷ್ಟೇ. ತಪ್ಪಿ ಅಳಿಸಿದರೆ ನಾಲ್ಕೂ ಡಿಸ್ಕಿನಲ್ಲಿ ಒಟ್ಟಿಗೆ ಅಳಿಸಿಹೋಗುತ್ತದೆ. ಹಾಡುಗಳ ಒಂದು ಪ್ರತಿ ನಮ್ಮ ಮನೆಯ ಪೆಟ್ಟಿಗೆಯಲ್ಲಿದೆ, ಒಂದು ಸಂಘದ ಕಚೇರಿಯ ಕಪಾಟಿನ ಡಿಸ್ಕಿನಲ್ಲಿ, ಒಂದು ಇಂಟರ್ನೆಟ್ಟಿನಲ್ಲಿ. ಕಪಾಟಿನ ಕೀಲಿ ಕಾರ್ಯದರ್ಶಿಯವರ ಹತ್ತಿರ, ಪಾಸ್‌ವರ್ಡು ಮೂವರ ಹತ್ತಿರ. ಎರಡು ತಿಂಗಳಿಗೊಮ್ಮೆ ಯಾವುದಾದರೂ ಐದು ಹಾಡು ತೆಗೆದು ನಿಜವಾಗಿಯೂ ಹಾಕಿ ಕೇಳುತ್ತೇವೆ. ನಿಮ್ಮಲ್ಲಿ ಯಾರ ಮನೆಯ ಪೆಟ್ಟಿಗೆಯಾದರೂ ಬೀಪ್ ಎನ್ನುತ್ತಿದ್ದರೆ ಮುಂದಿನ ಶನಿವಾರ ನಾಲ್ಕು ಗಂಟೆಗೆ ಕಚೇರಿಯಲ್ಲಿರುತ್ತೇನೆ. ಪೆಟ್ಟಿಗೆ ಹೊತ್ತು ತರಬೇಡಿ, ಅದರ ಪುಟದ ಫೋಟೋ ತನ್ನಿ ಸಾಕು.

ಈಗ ಆ ಮೇ ತಿಂಗಳ ಹಾಡನ್ನು ಕೇಳಿಸುತ್ತೇನೆ. ಹೋದ ಸಾಲು ನಿಮ್ಮಲ್ಲಿ ಯಾರಿಗಾದರೂ ಬರುತ್ತಿದ್ದರೆ ಬರೆಸಿ ಹೋಗಿ. ನಡುವೆ ದನಿ ಕತ್ತರಿಸಿದಂತೆ ಆಗುತ್ತದೆ, ಸ್ಪೀಕರ್ ಸರಿ ಮಾಡಲು ಯಾರೂ ಏಳಬೇಡಿ.