ಮುಪ್ಪು ಎಲ್ಲಿಗೆ ಹೋಗ್ತದೆ?

ಮಡಂತ್ಯಾರಿನಿಂದ ಮಾತಾಡ್ತಾ ಇದ್ದೇನೆ. ಇವತ್ತಿನ ವಿಷಯ ಮುಪ್ಪು. ಇಪ್ಪತ್ತರ ಪ್ರಾಯದಲ್ಲಿ ಮುಪ್ಪಿನ ಮಾತು ಎಂಥದ್ದು ಅಂತ ಎಪಿಸೋಡ್ ಬದಲಾಯಿಸಬೇಡಿ ಮಾರಾಯ್ರೆ. ಫ್ಯಾಂಟಸಿ ಸೀರೀಸ್ ನೋಡುವ ನಮಗೆಲ್ಲ ಒಂದಲ್ಲ ಒಂದು ದಿನ ಬರುವ ಪ್ರಶ್ನೆ ಇದು: ಈ ಮಂತ್ರಶಕ್ತಿ ಇರುವವರಿಗೆ ವಯಸ್ಸೇ ಆಗುವುದಿಲ್ವಾ?

'ದಿ ವೀಲ್ ಆಫ್ ಟೈಮ್' ತಗೊಳ್ಳಿ. ರಾಬರ್ಟ್ ಜೋರ್ಡನ್ 1990ರಲ್ಲಿ ಶುರು ಮಾಡಿದ ಕಾದಂಬರಿ ಸರಣಿ. ಅವರು 2007ರಲ್ಲಿ ತೀರಿಕೊಂಡರು. ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಪುಸ್ತಕ ಬರೆದು 2013ರಲ್ಲಿ ಮುಗಿಸಿದರು. ಅದರಲ್ಲಿ ಐಸ್ ಸೆಡಾಯ್ ಅಂತ ಮಂತ್ರಶಕ್ತಿಯ ಹೆಂಗಸರು ಇದ್ದಾರೆ. ಅವರ ಮುಖ ನೋಡಿ ಪ್ರಾಯ ಹೇಳಲಿಕ್ಕೆ ಸಾಧ್ಯವೇ ಇಲ್ಲ. ಈಗ ಸ್ಪಾಯ್ಲರ್ ಉಂಟು, ಬೇಡದವರು ಅರ್ಧ ನಿಮಿಷ ಮುಂದೆ ಹೋಗಿ. ಶಕ್ತಿ ಇದ್ದವರಿಗೆ ಹೇಗೂ ಮುಪ್ಪು ನಿಧಾನ. ಆದರೆ ಆ ಪ್ರಾಯ ತಿಳಿಯದ ಮುಖ ಬರುವುದು ಒಂದು ಕೋಲು ಹಿಡಿದು ಪ್ರತಿಜ್ಞೆ ಮಾಡಿದ್ದರಿಂದ. ಅದು ಹಿಂದಿನ ಯುಗದಲ್ಲಿ ಅಪರಾಧಿಗಳನ್ನು ಕಟ್ಟಿಹಾಕಲು ಬಳಸುತ್ತಿದ್ದ ಕೋಲು. ಅದು ಆಯುಷ್ಯವನ್ನೂ ಕಡಿಮೆ ಮಾಡ್ತದೆ. ಪ್ರತಿಜ್ಞೆ ಮಾಡದೆ ಅಡಗಿಕೊಂಡು ಬದುಕಿದ ಹೆಂಗಸರಲ್ಲಿ ನಾನೂರು ವರ್ಷ ದಾಟಿದವರೂ ಇದ್ದಾರೆ. ಅಂದರೆ ಸುಕ್ಕಿಲ್ಲದ ಮುಖಕ್ಕೆ ಇವರು ತಮ್ಮದೇ ಆಯುಷ್ಯದಿಂದ ಬೆಲೆ ಕೊಡ್ತಾರೆ, ಅದೂ ಗೊತ್ತಿಲ್ಲದೆ.

ಇನ್ನು ನಮ್ಮ ಕಡೆಯ ಕಥೆಗೆ ಬರುವ. ಯಯಾತಿಗೆ ಮಾವ ಶುಕ್ರಾಚಾರ್ಯರು ಶಾಪ ಕೊಟ್ಟರು, ನಡುಪ್ರಾಯದಲ್ಲೇ ಮುಪ್ಪು ಬಂತು. ಇದೇ ಶುಕ್ರಾಚಾರ್ಯರಿಗೆ ಸತ್ತವರನ್ನು ಬದುಕಿಸುವ ಸಂಜೀವಿನಿ ವಿದ್ಯೆ ಗೊತ್ತಿತ್ತು. ಆದರೂ ಮುಪ್ಪನ್ನು ಇಲ್ಲ ಅಂತ ಮಾಡಲಿಲ್ಲ. ಬೇಕಾದರೆ ಇನ್ನೊಬ್ಬರಿಗೆ ದಾಟಿಸು ಅಂದರು. ಈ ಮ್ಯಾಜಿಕ್ಕಿನ ನಿಯಮವೇ ಅದು: ಮುಪ್ಪು ಮಾಯ ಆಗುವುದಿಲ್ಲ, ಜಾಗ ಬದಲಾಯಿಸ್ತದೆ. ಯದು, ತುರ್ವಸು, ದ್ರುಹ್ಯು, ಅನು, ನಾಲ್ಕೂ ಮಕ್ಕಳು ಆಗುವುದಿಲ್ಲ ಅಂದರು. ಕಿರಿಯವ ಪೂರು ಒಪ್ಪಿದ. ಅಪ್ಪ ಸಾವಿರ ವರ್ಷ ಸುಖಪಟ್ಟ, ಆಸೆ ಮುಗಿಯಲಿಲ್ಲ, ಕೊನೆಗೆ ಯೌವನವನ್ನು ಮಗನಿಗೆ ವಾಪಸು ಕೊಟ್ಟ.

ಮಹಾಭಾರತದಲ್ಲಿ ಪೂರುವಿಗೆ ರಾಜ್ಯ ಸಿಕ್ಕಿತು, ಕಥೆ ಸುಖವಾಗಿ ಮುಗಿಯಿತು. ಗಿರೀಶ ಕಾರ್ನಾಡರು ಅಷ್ಟಕ್ಕೆ ಬಿಡಲಿಲ್ಲ. 1961ರಲ್ಲಿ ಬಂದ ಅವರ 'ಯಯಾತಿ' ನಾಟಕದಲ್ಲಿ ಪೂರುವಿಗೆ ಚಿತ್ರಲೇಖೆ ಅಂತ ಹೆಂಡತಿ ಇದ್ದಾಳೆ. ಹೊಸದಾಗಿ ಮದುವೆಯಾದವಳು. ಗಂಡ ಒಂದೇ ರಾತ್ರಿಯಲ್ಲಿ ಮುದುಕ! ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅವಳು ಮಾವನನ್ನೇ ನೇರ ಪ್ರಶ್ನೆ ಮಾಡ್ತಾಳೆ, ಕೊನೆಗೆ ವಿಷ ಕುಡಿದು ಸಾಯ್ತಾಳೆ. ನನಗೆ ಈ ನಾಟಕ ಮುಖ್ಯ ಅನಿಸುವುದು ಇದಕ್ಕೇ. ಕೊಡಲು ಒಪ್ಪಿದವನು ಒಬ್ಬ, ಕಳೆದುಕೊಂಡವರು ಇಬ್ಬರು.

ಹಾಗಾದರೆ ಯಾರಿಗೂ ಪೆಟ್ಟಾಗದೆ ಪ್ರಾಯ ವಾಪಸು ಬಂದ ಕಥೆ ಇಲ್ವಾ? ಉಂಟು, ಚ್ಯವನ ಋಷಿಯದ್ದು. ಮೆಡಿಕಲ್ ಶಾಪಿನ ಚ್ಯವನಪ್ರಾಶಕ್ಕೆ ಹೆಸರು ಬಂದದ್ದು ಇವರಿಂದಲೇ. ಅಶ್ವಿನಿ ದೇವತೆಗಳು ಇವರನ್ನು ನೀರಿನಲ್ಲಿ ಮುಳುಗಿಸಿ ತರುಣನನ್ನಾಗಿ ಮಾಡಿದರು. ಇವರು ಅದಕ್ಕೆ ಬದಲಾಗಿ ಇಂದ್ರನನ್ನೇ ಎದುರು ಹಾಕಿಕೊಂಡು ಅವರಿಗೆ ಯಜ್ಞದಲ್ಲಿ ಸೋಮರಸದ ಪಾಲು ಕೊಡಿಸಿದರು. ಸಾಲವನ್ನು ತಾವೇ ತೀರಿಸಿದರು. ಇಲ್ಲೂ ಫ್ರೀ ಏನೂ ಇಲ್ಲ, ಆದರೆ ಬಿಲ್ಲು ಬೇರೆಯವರ ಹೆಸರಿಗೆ ಹೋಗಲಿಲ್ಲ.

ಈಗ ನಮ್ಮ ಊರು ನೋಡಿ. ಬಂಟ್ವಾಳ, ಬೆಳ್ತಂಗಡಿ ಕಡೆ ಎಷ್ಟೋ ಮನೆಗಳಲ್ಲಿ ಅಮ್ಮಂದಿರು ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟಿ ಮಕ್ಕಳ ಫೀಸು ಕಟ್ಟಿದ್ದಾರೆ. ಇಡೀ ದಿನ ಬೆನ್ನು ಬಗ್ಗಿಸಿ, ಹೊಗೆಸೊಪ್ಪಿನ ಧೂಳು ಕುಡಿದು. ಎಷ್ಟೋ ಅಪ್ಪಂದಿರು ಗಲ್ಫಿನಲ್ಲಿ ಇಪ್ಪತ್ತು, ಇಪ್ಪತ್ತೈದು ವರ್ಷ ಕಳೆದು ತಲೆ ಬೆಳ್ಳಗಾದ ಮೇಲೆ ಊರಿಗೆ ಬಂದಿದ್ದಾರೆ. ಇದು ಯಯಾತಿಯ ಕಥೆ ಉಲ್ಟಾ ಆದ ಹಾಗೆ. ಇಲ್ಲಿ ಪ್ರಾಯ ಕೊಟ್ಟದ್ದು ಹಿರಿಯರು, ತಗೊಂಡದ್ದು ನಾವು. ಬಿಸಿಲಿಗೆ ಹೋಗದೆ, ಎಸಿ ರೂಮಿನಲ್ಲಿ ಓದಿ ಉಳಿಸಿಕೊಂಡ ನಮ್ಮ ಮುಖದ ಹೊಳಪಿಗೂ ಒಬ್ಬರು ಬೆಲೆ ಕೊಟ್ಟಿದ್ದಾರೆ.

ಹಾಗಂತ ನೀವು ಅಪರಾಧಿ ಭಾವದಲ್ಲಿ ಕೂತುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಪೂರುವಿನ ಹಾಗೆ ನಿಮ್ಮ ಜೀವನ ಬಿಟ್ಟುಕೊಡಿ ಅಂತಲೂ ಅಲ್ಲ. ಅದರ ಕಷ್ಟ ಎಂಥದ್ದು ಅಂತ ಚಿತ್ರಲೇಖೆ ಹೇಳಿದ್ದಾಳೆ. ಚ್ಯವನರ ಹಾಗೆ ಲೆಕ್ಕ ನೆನಪಿಟ್ಟುಕೊಂಡರೆ ಸಾಕು. ಅಮ್ಮನ ಬೆನ್ನುನೋವಿಗೆ ಇವತ್ತೇ ಡಾಕ್ಟರ ಅಪಾಯಿಂಟ್‌ಮೆಂಟ್ ಮಾಡಿ. ನನ್ನ ಪ್ರಾಯದಲ್ಲಿ ನಿಮಗೆ ಏನು ಆಗಬೇಕು ಅಂತ ಆಸೆ ಇತ್ತು ಅಂತ ಅಪ್ಪನನ್ನು ಒಮ್ಮೆ ಕೇಳಿ. ಅದರಲ್ಲಿ ಈಗಲೂ ಮಾಡಬಹುದಾದ್ದು ಏನಾದರೂ ಇರಬಹುದು.

ಮುಂದಿನ ವಾರ ಸಿಗುವ.